ಗಮ್ ಬೂಟು: ಮೊದಲು ಹಿಮ್ಮಡಿ ನೋಡಿ, ಆಮೇಲೆ ಬೆಲೆ

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನವಳು. ಎರಡು ಸೀಮೆಹಸು, ಒಂದೂವರೆ ಎಕರೆ ಕಬ್ಬು, ಸ್ವಲ್ಪ ಭತ್ತ ಇದೆ. ಯಜಮಾನರು ಬೆಂಗಳೂರಿನಲ್ಲಿ ಕೆಲಸಕ್ಕಿರುವುದರಿಂದ ರಾತ್ರಿ ನೀರು ಕಟ್ಟುವುದು, ಕೊಟ್ಟಿಗೆ ಕೆಲಸ ಎಲ್ಲ ನನ್ನ ಮೇಲೇ. ಹೋದ ತಿಂಗಳು ಬದುವಿನ ಮೇಲೆ ಕೊಳಕುಮಂಡಲ ಅಡ್ಡ ಬಂತು. ಅವತ್ತಿನಿಂದ ಹವಾಯಿ ಚಪ್ಪಲಿಯಲ್ಲಿ ಗದ್ದೆಗೆ ಇಳಿಯೋಕೆ ಭಯ. ಕಳೆದ ವರ್ಷ ಕೊಂಡ ಗಮ್ ಬೂಟು ಹಿಮ್ಮಡಿ ಉಜ್ಜಿ ಗಾಯ ಮಾಡಿತು, ಆರೇ ತಿಂಗಳಿಗೆ ಮಡಿಕೆಯಲ್ಲಿ ಸೀಳು ಬಿಟ್ಟಿತು. ನನ್ನ ಚಪ್ಪಲಿ 5ನೇ ನಂಬರು, ಬೂಟು 7ನೆಯದು. 600 ರೂಪಾಯಿ ಒಳಗೆ ಬಾಳಿಕೆ ಬರುವ ಬೂಟು ಸಿಗುತ್ತದೆಯೇ?

ಉತ್ತರ: ಸಿಗುತ್ತದೆ ಅಕ್ಕ. ಆದರೆ ಹಿಮ್ಮಡಿ ಗಾಯ ಬೇರೆ, ಸೀಳು ಬೇರೆ ಅಂದುಕೊಳ್ಳಬೇಡಿ. ಎರಡಕ್ಕೂ ಮೂಲ ಆ 7ನೇ ನಂಬರು. ಬೂಟು ದೊಡ್ಡದಾದರೆ ಪ್ರತಿ ಹೆಜ್ಜೆಗೂ ಹಿಮ್ಮಡಿ ಒಳಗೇ ಮೇಲೆದ್ದು ಉಜ್ಜುತ್ತದೆ. ನಿಮ್ಮ ಬೆರಳು ಬಾಗುವ ಜಾಗ ಒಂದು, ಬೂಟು ಬಾಗುವ ಜಾಗ ಇನ್ನೊಂದು ಆಗುತ್ತದೆ. ಆ ತಪ್ಪು ಜಾಗದಲ್ಲೇ ದಿನಕ್ಕೆ ಸಾವಿರಾರು ಸಲ ಮಡಚಿ ಕೊನೆಗೆ ಸೀಳುತ್ತದೆ.

ನನ್ನ ತಾಯಿಗೂ ಹೀಗೇ ಆಯಿತು. "ಎರಡು ಸಾಕ್ಸ್ ಹಾಕ್ಕೊಳಿ, ಸರಿಹೋಗ್ತದೆ" ಎಂದು ಅಂಗಡಿಯವನೊಬ್ಬ ಎರಡು ನಂಬರು ದೊಡ್ಡದನ್ನು ಕೊಟ್ಟು ಕಳಿಸಿದ. ಮೂರನೇ ದಿನ ಕೊಟ್ಟಿಗೆಯ ಗಂಜಲದ ಮೇಲೆ ಕಾಲು ಮುಂದಕ್ಕೆ ಹೋಯಿತು, ಬೂಟು ಹಿಂದೆ ಉಳಿಯಿತು. ಹಾಲಿನ ಬಕೆಟ್ಟಿನ ಸಮೇತ ಬಿದ್ದರು. ಅಂದಿನಿಂದ ಯಾರೇ ಕೇಳಲಿ, ಮೊದಲು ಅಳತೆಯ ಮಾತೇ ಹೇಳುತ್ತೇನೆ. ಹೆಂಗಸರ ನಂಬರು ಇಡುವ ಅಂಗಡಿ ನಮ್ಮಲ್ಲಿ ಕಡಿಮೆ. ಚಪ್ಪಲಿ ಅಂಗಡಿಯಲ್ಲಿ ಇಲ್ಲದಿದ್ದರೆ ಹೆಲ್ಮೆಟ್ಟು, ಕೈಗವಸು ಮಾರುವ ಸೇಫ್ಟಿ ಸಾಮಾನಿನ ಅಂಗಡಿಯಲ್ಲಿ ಕೇಳಿ. ತರಿಸಿಕೊಡಲು ಒಂದು ವಾರ ಆದರೂ ಕಾಯಿರಿ, ದೊಡ್ಡದಕ್ಕೆ ಒಪ್ಪಬೇಡಿ.

ಕೊಳ್ಳಲು ಸಂಜೆ ಹೋಗಿ. ದಿನವಿಡೀ ನಿಂತ ಕಾಲು ಸಂಜೆಗೆ ಸ್ವಲ್ಪ ಊದಿಕೊಂಡಿರುತ್ತದೆ, ಅದೇ ನಿಜವಾದ ಅಳತೆ. ಗದ್ದೆಗೆ ಹಾಕುವ ದಪ್ಪ ಸಾಕ್ಸನ್ನೇ ಹಾಕಿಕೊಂಡು ಎರಡೂ ಕಾಲಿಗೆ ತೊಟ್ಟು ನೋಡಿ. ಹೆಬ್ಬೆರಳಿನ ಮುಂದೆ ಒಂದು ಬೆರಳಗಲ ಜಾಗ ಇರಲಿ. ನಡೆಯುವಾಗ ಹಿಮ್ಮಡಿ ಏಳಬಾರದು. ಆಮೇಲೆ ಅಂಗಡಿಯಲ್ಲೇ, ಸಂಕೋಚಪಡದೆ, ಹಾಲು ಕರೆಯುವ ಹಾಗೆ ಕುಕ್ಕರಗಾಲಲ್ಲಿ ಕೂತುಬಿಡಿ. 15 ಇಂಚಿನ ಬೂಟಾದರೆ ಮೇಲಂಚು ಮಂಡಿಯ ಹಿಂದೆ ಒತ್ತುವುದು ಆಗಲೇ ಗೊತ್ತಾಗುತ್ತದೆ. ಎತ್ತರ ಹೆಚ್ಚಿದ್ದಷ್ಟೂ ಒಳ್ಳೆಯದು ಎಂದು ಮಾರುವವರು ಹೇಳುತ್ತಾರೆ. ದಿನಕ್ಕೆ ಎರಡು ಹೊತ್ತು ಕೂತು ಹಾಲು ಕರೆಯುವವರಿಗೆ 11-12 ಇಂಚಿನದೇ ಸರಿ ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಸರಕು. ನಿಮ್ಮ ಬಜೆಟ್ಟಿಗೆ ಬರುವುದು ಪಿವಿಸಿ, ಅಂದರೆ ಒಂದು ಬಗೆಯ ಪ್ಲಾಸ್ಟಿಕ್. ರಬ್ಬರ್ ಬೂಟು ಮೆತ್ತಗೆ, ಕಾಲಿನ ಜೊತೆ ಬಾಗುತ್ತದೆ, ಬೆಲೆ ಜಾಸ್ತಿ. ಪಿವಿಸಿ ಕೊಂಚ ಬಿರುಸು, ಆದರೆ ಸಗಣಿ ಗಂಜಲಕ್ಕೆ ಜಗ್ಗುವುದಿಲ್ಲ. ಐಎಸ್‌ಐ ಗುರುತಿನ ಪಕ್ಕ ಪಿವಿಸಿ ಬೂಟಿಗೆ ಐಎಸ್ 12254, ರಬ್ಬರಿಗೆ ಐಎಸ್ 5557 ಎಂದಿರಬೇಕು. ಪಾದದ ಮೇಲಿನ ಮಡಿಕೆಯನ್ನು ಕೈಯಲ್ಲಿ ಬಲವಾಗಿ ಮಡಚಿ. ಬಿಳಿ ಗೆರೆ ಮೂಡಿ ಹಾಗೇ ಉಳಿದರೆ ಬೇಡ ಅನ್ನಿ. ಮೊಬೈಲಿನ ಟಾರ್ಚ್ ಹಚ್ಚಿ ಒಳಗೆ ಬಿಟ್ಟು, ಅಂಗಡಿಯ ಕತ್ತಲ ಮೂಲೆಯಲ್ಲಿ ಸುತ್ತ ತಿರುಗಿಸಿ. ಸೂಜಿಮೊನೆಯಷ್ಟು ತೂತಿದ್ದರೂ ಬೆಳಕು ಚುಚ್ಚಿಕೊಂಡು ಬರುತ್ತದೆ. ಅಟ್ಟೆ ಮಾತ್ರ ದಪ್ಪ ಇರಲೇಬೇಕು, ಏಕೆಂದರೆ ಕಬ್ಬು ಕಡಿದ ಮೇಲೆ ಓರೆಯಾಗಿ ಉಳಿದ ಕೂಳೆ ಬುಡ ಉಳಿಯ ಹಾಗೆ ಚುಚ್ಚುತ್ತದೆ.

600ನ್ನೂ ಬೂಟಿಗೇ ಸುರಿಯಬೇಡಿ. ಎರಡು ಜೊತೆ ಉದ್ದನೆಯ ದಪ್ಪ ಸಾಕ್ಸಿಗೆ, ತೆಗೆದು ತೊಳೆಯಬಹುದಾದ ಎರಡು ಜೊತೆ ಒಳ ಅಟ್ಟೆಗೆ ದುಡ್ಡು ಉಳಿಸಿಕೊಳ್ಳಿ. ಬೆವರಿದ ಒಂದು ಜೊತೆ ಒಣಗುವಾಗ ಇನ್ನೊಂದು ಕಾಲಲ್ಲಿರಲಿ. ಕಾಲಿಗೆ ಸುಖ ಕೊಡುವುದು ಮುಕ್ಕಾಲು ಪಾಲು ಇವೇ.

ಗಮ್ ಬೂಟಿಗೆ ಇಂಗ್ಲೆಂಡಿನಲ್ಲಿ ವೆಲ್ಲಿಂಗ್ಟನ್ ಬೂಟು ಎಂದು ಹೆಸರು. ಆ ವೆಲ್ಲಿಂಗ್ಟನ್, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ನಮ್ಮ ದರಿಯಾ ದೌಲತ್‌ನಲ್ಲೇ ಬಿಡಾರ ಹೂಡಿದ್ದ ಆರ್ಥರ್ ವೆಲ್ಲೆಸ್ಲಿ. ಮುಂದೆ ಆತ ಲಂಡನ್ನಿನಲ್ಲಿ ತನ್ನ ಕಾಲಿಗೆ ಹತ್ತಿ ಕೂರುವಂತೆ ಹೊಲಿಸಿಕೊಂಡದ್ದು ತೊಗಲಿನ ಬೂಟು. ರಬ್ಬರಿನದು ಬಂದದ್ದು 1850ರ ದಶಕದಲ್ಲಿ, ಅಮೆರಿಕದ ಉದ್ಯಮಿ ಹೈರಮ್ ಹಚಿನ್ಸನ್ ಫ್ರಾನ್ಸಿನಲ್ಲಿ ಕಾರ್ಖಾನೆ ತೆರೆದ ಮೇಲೆ. ಅಚ್ಚಿನಲ್ಲಿ ಎರಕ ಹೊಯ್ದ ಬೂಟನ್ನು ನಮ್ಮ ಕಾಲಿಗೆ ತಕ್ಕಂತೆ ಹೊಲಿಸಲಾಗದು, ಹುಡುಕಿಯೇ ತರಬೇಕು.

ಹಾವಿನ ವಿಷಯ. ಗದ್ದೆಯಲ್ಲಿ ಹೆಚ್ಚಿನ ಕಡಿತ ಪಾದಕ್ಕೆ, ಹರಡಿನ ಸುತ್ತಕ್ಕೆ ಬೀಳುತ್ತದೆ. ಬೂಟು ಮುಚ್ಚುವುದೂ ಅದೇ ಜಾಗ. ಆದರೂ ಕೊಳಕುಮಂಡಲದ ಹಲ್ಲು ಉದ್ದ, ಬೂಟಿದೆ ಎಂದು ಟಾರ್ಚ್ ಇಲ್ಲದೆ ತರಗಿನ ಮೇಲೆ ಕಾಲಿಡಬೇಡಿ. ಕಡಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ನಾಟಿ ಮದ್ದು ಯಾವುದೂ ಬೇಡ. ಕಾಲು ಅಲುಗದಂತೆ ನೋಡಿಕೊಂಡು ಸೀದಾ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆಯ ಫೋನ್ ನಂಬರು ಮೊಬೈಲಿನಲ್ಲಿರಲಿ. ಇನ್ನೊಂದು: ಬೆಳಿಗ್ಗೆ ಬೂಟನ್ನು ಬೋರಲು ಹಾಕಿ ಎರಡು ಸಲ ಕುಟ್ಟದೆ ಕಾಲು ತೂರಿಸಬೇಡಿ. ಚೇಳಿಗೆ ಅಷ್ಟು ಬೆಚ್ಚಗಿನ ಕತ್ತಲ ಜಾಗ ಬೇರೆಲ್ಲೂ ಇಲ್ಲ.

ಬಾಳಿಕೆಯ ಅರ್ಧ ನಿಮ್ಮ ಕೈಯಲ್ಲಿದೆ. ಕೆಲಸ ಮುಗಿದ ಕೂಡಲೇ ನಲ್ಲಿಯಡಿ ತೊಳೆದು, ನೆಲಕ್ಕೆ ನೆಟ್ಟ ಎರಡು ಗೂಟಕ್ಕೆ ತಲೆಕೆಳಗಾಗಿ ಸಿಕ್ಕಿಸಿ, ನೆರಳಲ್ಲಿ. ಬಿಸಿಲಿಗಿಟ್ಟರೆ ಪಿವಿಸಿಯ ಮೆದುತನ ಹೋಗಿ ಹಪ್ಪಳದಂತಾಗುತ್ತದೆ. ಒಲೆಯ ಪಕ್ಕವಂತೂ ಬೇಡವೇ ಬೇಡ. ಒಳಗೆ ಒದ್ದೆಯಾದರೆ ಹಳೇ ಪೇಪರು ತುರುಕಿ, ರಾತ್ರಿ ಒಮ್ಮೆ ಬದಲಿಸಿ. ಔಷಧಿ ಹೊಡೆಯುವ ದಿನ ಪ್ಯಾಂಟು ಬೂಟಿನ ಹೊರಗಿರಲಿ, ಇಲ್ಲವಾದರೆ ತೊಟ್ಟಿಕ್ಕಿದ ಔಷಧಿಯೆಲ್ಲ ಬೂಟಿನೊಳಗೇ ಇಳಿಯುತ್ತದೆ. ತೂತಾದರೆ ಪಂಕ್ಚರ್ ಅಂಗಡಿಯ ಪ್ಯಾಚು ರಬ್ಬರ್ ಬೂಟಿಗೆ ಹಿಡಿಯುತ್ತದೆ, ಪಿವಿಸಿಗೆ ಹಿಡಿಯುವುದಿಲ್ಲ.

ಭತ್ತದ ನಾಟಿಗೆ ಮಾತ್ರ ಈ ಬೂಟು ಬೇಡ. ಕಲಸಿದ ಗದ್ದೆಯ ಕೆಸರು ಬೂಟನ್ನು ಹೀರಿ ಹಿಡಿದುಕೊಳ್ಳುತ್ತದೆ, ಕಾಲು ಕಿತ್ತರೆ ಸೊಂಟ ಉಳುಕುತ್ತದೆ. ಅಲ್ಲಿ ಬರಿಗಾಲೇ ವಾಸಿ, ಆದರೆ ಕಾಲಿನಲ್ಲಿ ಬಿರುಕು, ಗಾಯ ಇದ್ದಾಗ ಇಳಿಯಬೇಡಿ. ಇಲಿಯ ಉಚ್ಚೆ ಸೇರಿದ ನೀರಿನಿಂದ ಇಲಿಜ್ವರ ತಗಲುವುದು ಹೆಚ್ಚಾಗಿ ಆ ಗಾಯದ ಮೂಲಕ. ಬದುವಿಗೆ ಬಂದ ಕೂಡಲೇ ಸೋಪು ಹಾಕಿ ತೊಳೆಯಿರಿ. ನಾಟಿಯಾದ ಒಂದೆರಡು ವಾರದಲ್ಲಿ ಜ್ವರ ಬಂದು, ಮೀನಖಂಡ ಹಿಂಡಿದಂತೆ ನೋವಾದರೆ, ಗದ್ದೆ ನೀರಿನಲ್ಲಿ ನಿಂತಿದ್ದೆ ಎಂದು ಡಾಕ್ಟರಿಗೆ ನೀವಾಗಿಯೇ ಹೇಳಿ.