ರೋಶ್‌ಫೋರ್ ಡಾಕ್‌ಯಾರ್ಡ್ ಸಮುದ್ರದಿಂದ ದೂರ ಯಾಕೆ?
ಫ್ರಾನ್ಸಿನ ರೋಶ್‌ಫೋರ್‌ನಲ್ಲಿ ನೌಕಾಪಡೆಯ ಡಾಕ್‌ಯಾರ್ಡನ್ನು (ಹಡಗು ಕಟ್ಟುವ ಜಾಗ) ಶಾರಾಂತ್ ನದಿಯಲ್ಲಿ ಅಷ್ಟು ಒಳಗೆ ಯಾಕೆ ಕಟ್ಟಿದರು ಅಂತ ಕೇಳಿದ್ದೀರಿ. ಮುಖ್ಯವಾಗಿ ರಕ್ಷಣೆಗೆ. ರಾಜ ಹದಿನಾಲ್ಕನೇ ಲೂಯಿಯ ಮಂತ್ರಿ ಕೋಲ್ಬೇರ್ 1666ರಲ್ಲಿ ಕೆಲಸ ಶುರು ಮಾಡಿಸಿದ. ನದಿ ಬಾಯಲ್ಲೇ ಕೋಟೆಗಳಿದ್ದವು, ಶತ್ರು ಹಡಗು ಸುಮ್ನೆ ಒಳಗೆ ನುಗ್ಗೋ ಹಾಗಿರಲಿಲ್ಲ. ಆದರೆ ಕಷ್ಟವೂ ಜಾಸ್ತಿ. ನದಿ ಅಂಕುಡೊಂಕು, ಹೂಳು ಬೇರೆ. ದೊಡ್ಡ ಹಡಗುಗಳನ್ನು ದಡದಿಂದ ಜನರೇ ಹಗ್ಗ ಹಿಡಿದು ಎಳೆಯಬೇಕಿತ್ತು. ಭಾರ ಕಡಿಮೆ ಇರಲಿ ಅಂತ ಫಿರಂಗಿಗಳನ್ನು ಸಮುದ್ರ ಸೇರಿದ ಮೇಲೆ ಹತ್ತಿಸುತ್ತಿದ್ದರು.

ಅಲ್ಲಿಗೆ ಹೋದರೆ ಹಳೆಯ ಹಗ್ಗದ ಕಾರ್ಖಾನೆ ಕೋರ್ದರಿ ರಾಯಲ್ ತಪ್ಪಿಸಬೇಡಿ. ಉದ್ದ 374 ಮೀಟರ್! ಹೊಸೆದಂತೆಲ್ಲ ಎಳೆಗಳು ಗಿಡ್ಡವಾಗುತ್ತವೆ, ಅಲ್ವಾ? ಹಾಗಾಗಿ ಲಂಗರಿನ ಉದ್ದನೆಯ ಹಗ್ಗಕ್ಕೆ ಇನ್ನೂ ಉದ್ದದ ಜಾಗ ಬೇಕಿತ್ತು. ಜವುಗು ನೆಲವಾದ್ದರಿಂದ ಇಡೀ ಕಟ್ಟಡವನ್ನು ಓಕ್ ಮರದ ತೊಲೆಗಳ ಹಾಸಿನ ಮೇಲೆ ನಿಲ್ಲಿಸಿದ್ದಾರೆ. ನನಗಂತೂ ಊರಿನಲ್ಲಿ ಅದೇ ಎಲ್ಲಕ್ಕಿಂತ ಇಷ್ಟ.