ಐಡಿಯಾ ಹುಡುಕುವ ಮೊದಲು ಒಂದು ಹಿಡಿ ಅಕ್ಕಿ ನೆನೆಹಾಕಿ

ಕೈಯಾರೆ ಏನಾದರೂ ಮಾಡುವ ಆಸೆಯಿದೆ, ಆದರೆ ಕೂತರೆ ಏನೂ ಹೊಳೆಯುವುದಿಲ್ಲ, ದಿನನಿತ್ಯದ ಬದುಕಿನಲ್ಲಿ ಸ್ಫೂರ್ತಿ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೀರಿ. ಏನು ಬಿಡಿಸಲಿ ಅಂತ ಯೋಚಿಸುತ್ತಾ ಕೂರಬೇಡಿ, ಯಾವುದರಿಂದ ಬಿಡಿಸಲಿ ಅಂತ ಸುತ್ತ ನೋಡಿ. ನನಗೆ ಇದು ತಿಳಿದದ್ದು ಮಲೆನಾಡಿನ ನಮ್ಮ ಸಾಗರ ಸೀಮೆಯ ಭೂಮಣ್ಣಿ ಬುಟ್ಟಿಯಿಂದ.

ಆಶ್ವಯುಜದಲ್ಲಿ, ಭತ್ತ ಹೊಡೆ ತುಂಬುವ ಹೊತ್ತಿಗೆ, ಭೂಮಿ ಹುಣ್ಣಿಮೆ ಬರುತ್ತದೆ. ಗದ್ದೆ ಬಸುರಿ, ಅವಳಿಗೆ ಬಯಕೆಯೂಟ ಬಡಿಸಬೇಕು ಅನ್ನುವುದು ನಂಬಿಕೆ. ಆ ಊಟ ಹೊತ್ತೊಯ್ಯುವ ಬಿದಿರಿನ ಬುಟ್ಟಿಯೇ ಭೂಮಣ್ಣಿ ಬುಟ್ಟಿ; ಅದಕ್ಕೆ ನಮ್ಮ ದೀವರ ಸಮುದಾಯದ ಹೆಂಗಸರು ಚಿತ್ತಾರ ಬರೆಯುತ್ತಾರೆ. ಮೊದಲು ಸೆಗಣಿ ಬಳಿದು ಹೆಣಿಗೆಯ ಸಂದು ಮುಚ್ಚುತ್ತಾರೆ. ಒಣಗಿದ ಮೇಲೆ ಕೆಮ್ಮಣ್ಣು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ ಎಳೆ. ಗೋಡೆಯ ಹಸೆ ಚಿತ್ತಾರಕ್ಕಾದರೆ ಹುರಿದು ಕಪ್ಪಾದ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿಯೂ ಸೇರುತ್ತವೆ. ಕುಂಚವೂ ಅಂಗಡಿಯದ್ದಲ್ಲ, ಪುಂಡಿ ಗಿಡದ ನಾರಿನದು.

ನನಗೆ ತುಂಬಾ ಇಷ್ಟವಾಗುವುದು ಆ ಬಿಳಿ ಎಳೆ. ಹಸಿ ಇದ್ದಾಗ ಅದು ಕೆಮ್ಮಣ್ಣಿನ ಮೇಲೆ ಸರಿಯಾಗಿ ಕಾಣುವುದೇ ಇಲ್ಲ, ನೀರಿನ ಗೆರೆಯಂತೆ ಇರುತ್ತದೆ. ಒಣಗುತ್ತಾ ಒಣಗುತ್ತಾ ಬೆಳ್ಳಗೆ ಎದ್ದು ಬರುತ್ತದೆ. ಹಾಗಾಗಿ ಬರೆಯುವವರ ಕಣ್ಣಿಗಿಂತ ಕೈಗೇ ಹೆಚ್ಚು ಕೆಲಸ. ನಾರಿನ ತುದಿಯಲ್ಲಿ ದುಂಡನೆಯ ಸೊಂಪಾದ ಬಳ್ಳಿ ಬರೆಯುವುದು ಕಷ್ಟ, ನೆಟ್ಟಗಿನ ಎಳೆ ಸಲೀಸು. ಅದಕ್ಕೇ ಇರಬೇಕು, ಈ ಚಿತ್ತಾರದಲ್ಲಿ ಭತ್ತದ ತೆನೆಯೂ ಏಣಿಯೂ ಗೊಂಬೆಯೂ ಗೆರೆಗಳಲ್ಲೇ ಹುಟ್ಟುತ್ತವೆ. ತೆನೆ ಅಂದರೆ ಒಂದು ಕಡ್ಡಿ, ಎರಡೂ ಬದಿಗೆ ಓರೆ ಗೀಟು, ಅಷ್ಟೇ. ಆದರೆ ಅಷ್ಟಕ್ಕೆ ಇಳಿಸಬೇಕಾದರೆ ತೆನೆಯನ್ನು ಎಷ್ಟು ನೋಡಿರಬೇಕು!

ನೀವು ಬೆಂಗಳೂರಿನ ಫ್ಲ್ಯಾಟ್‌ನಲ್ಲಿದ್ದರೂ ಅಡ್ಡಿಯಿಲ್ಲ. ಗ್ರಂದಿಗೆ ಅಂಗಡಿಯಲ್ಲಿ ಕೆಮ್ಮಣ್ಣು ಕೇಳಿ ನೋಡಿ. ಅಕ್ಕಿಯನ್ನು ರಾತ್ರಿ ನೆನೆಹಾಕಿ ನುಣ್ಣಗೆ ರುಬ್ಬಿ; ತೀರಾ ನೀರಾದರೆ ಎಳೆ ಹರಡುತ್ತದೆ, ಗಟ್ಟಿಯಾದರೆ ಒಣಗಿ ಉದುರುತ್ತದೆ. ಪುಂಡಿ ನಾರು ಸಿಗದಿದ್ದರೆ ಹೂ ಕಟ್ಟುವ ಬಾಳೆನಾರನ್ನೇ ಕಟ್ಟು ಮಾಡಿ ತುದಿ ಜಜ್ಜಿಕೊಳ್ಳಿ. ಹಳೇ ಮೊರವೋ ಮಣ್ಣಿನ ಕುಂಡವೋ ಸಾಕು. ಇಂಟರ್‌ನೆಟ್‌ನ ಮಾದರಿ ಮಾತ್ರ ದಯವಿಟ್ಟು ನಕಲು ಮಾಡಬೇಡಿ, ಅದು ಬೇರೆ ಯಾರೋ ನೋಡಿದ್ದು. ನಿಮ್ಮ ಬಾಲ್ಕನಿಯ ಕರಿಬೇವಿನ ಎಸಳನ್ನೇ ಎದುರಿಗಿಟ್ಟುಕೊಳ್ಳಿ. ಎಲೆಗಳು ಎದುರುಬದುರಾಗಿವೆಯೋ, ಒಂದರ ಮೇಲೊಂದು ಮೆಟ್ಟಿಲಿನಂತೆ ಬಂದಿವೆಯೋ ನೋಡಿ, ಆಮೇಲೆ ಮೊದಲ ಎಳೆ ಹಾಕಿ. ಒಣಗಿದ ಮೇಲೆ ಫೋಟೋ ಹಾಕಿದರೆ ನನಗೆ ನಿಜಕ್ಕೂ ಖುಷಿಯಾಗುತ್ತದೆ.