ವೈಫೈ ರೂಟರ್‌ಗೆ ಇಷ್ಟೊಂದು ಆಂಟೆನಾ ಯಾಕೆ? ಒಂದೇ ಸಾಲದಾ?

ಶಿರಸಿಯ ನಮ್ಮ ಮನೆಗೆ ಹೊಸ ರೂಟರ್ ಬಂದಾಗ ಅಪ್ಪಯ್ಯನೂ ಇದನ್ನೇ ಕೇಳಿದ್ದರು. ಒಂದರಲ್ಲೂ ಕೆಲಸ ನಡೆಯುತ್ತದೆ. ವೇಗ ಬೇಕು ಅಂದರೆ ಜಾಸ್ತಿ ಬೇಕು.

ರೂಟರ್ ಬಿಟ್ಟ ಅಲೆ ನೇರವಾಗಿ ಮಾತ್ರ ಫೋನಿಗೆ ಬರುವುದಿಲ್ಲ. ಚಿರೆಕಲ್ಲಿನ ಗೋಡೆಗೆ, ಕಬ್ಬಿಣದ ಕಪಾಟಿಗೆ ಬಡಿದು, ಸುತ್ತು ಬಳಸಿ, ಚೂರು ತಡವಾಗಿಯೂ ಬರುತ್ತದೆ. ಈ ಪ್ರತಿಧ್ವನಿಯನ್ನು ಮೊದಲು ಬರೀ ತೊಂದರೆ ಅಂತಲೇ ನೋಡುತ್ತಿದ್ದರು. ಅದನ್ನೇ ಲಾಭ ಮಾಡಿಕೊಂಡದ್ದು 'ಮೈಮೋ' ತಂತ್ರ. ಎರಡು ಆಂಟೆನಾಗಳು ಒಂದೇ ಹೊತ್ತಿಗೆ, ಒಂದೇ ತರಂಗಾಂತರದಲ್ಲಿ ಬೇರೆ ಬೇರೆ ಮಾಹಿತಿ ಕಳಿಸುತ್ತವೆ. ಫೋನಿನ ಎರಡು ಆಂಟೆನಾಗಳಿಗೂ ಅವು ಕಲಸಿಕೊಂಡೇ ಸಿಗುತ್ತವೆ. ಆದರೆ ಬಂದ ದಾರಿ ಬೇರೆಯಾದ್ದರಿಂದ, ಕಲಸಿದ ಹದ ಒಂದೊಂದರಲ್ಲಿ ಒಂದೊಂದು ಥರ. ಶಾಲೆಯಲ್ಲಿ ಎರಡು ಸಮೀಕರಣ ಬಿಡಿಸಿ ಎಕ್ಸ್, ವೈ ಬೆಲೆ ಕಂಡುಹಿಡಿಯುತ್ತಿದ್ದೆವು ಅಲ್ವಾ? ಫೋನಿನ ಚಿಪ್ ಮಾಡುವುದೂ ಹೆಚ್ಚುಕಡಿಮೆ ಅದನ್ನೇ, ಕಣ್ಣು ಮಿಟುಕಿಸುವುದರೊಳಗೆ ಸಾವಿರಾರು ಸಲ. ಹೀಗೆ ಒಂದೇ ಹೊತ್ತಿನಲ್ಲಿ ಎರಡರಷ್ಟು ಮಾಹಿತಿ ಬರುವುದರಿಂದ ವೇಗ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ.

ಇದರ ಹಿಂದೆ ಇರುವವರು ಆರೋಗ್ಯಸ್ವಾಮಿ ಪೌಲ್‌ರಾಜ್. ನಮ್ಮ ನೌಕಾಪಡೆಯಲ್ಲಿ ಅಧಿಕಾರಿಯಾಗಿದ್ದವರು, ಯುದ್ಧನೌಕೆಗಳಿಗೆ ಸೋನಾರ್ (ಶಬ್ದದ ಅಲೆಯಿಂದ ನೀರಿನಡಿ ಇರುವುದನ್ನು ಪತ್ತೆಹಚ್ಚುವ ಸಾಧನ) ಕಟ್ಟಿಕೊಟ್ಟವರು. ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿದ್ದಾಗ ಅಲ್ಲಿನ ಪ್ರಾಧ್ಯಾಪಕ ಥಾಮಸ್ ಕೈಲಾತ್ ಜೊತೆ ಈ ತಂತ್ರಕ್ಕೆ 1992ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು, 1994ರಲ್ಲಿ ಸಿಕ್ಕಿತು. ಇವತ್ತು 4ಜಿ, 5ಜಿ ಎಲ್ಲದರಲ್ಲೂ ಇದೇ ತಂತ್ರ ಇದೆ. ಕಾರವಾರದ ನೌಕಾನೆಲೆ ನೋಡುತ್ತ ಬೆಳೆಯುವ ನಮ್ಮ ಕಡೆಯ ಮಕ್ಕಳಿಗೆ ಈ ಹೆಸರು ಗೊತ್ತಿರಬೇಕು ಅಂತ ನನಗೆ ತುಂಬಾ ಆಸೆ.

ಇನ್ನೊಂದು ಮಾತು. ಫೋನಿನಲ್ಲಿ ಒಂದೇ ಆಂಟೆನಾ ಇದ್ದರೆ, ರೂಟರ್‌ಗೆ ಎಂಟಿದ್ದರೂ ವೇಗ ಹೀಗೆ ದುಪ್ಪಟ್ಟಾಗುವುದಿಲ್ಲ. ಸುಮ್ನೆ ಆಂಟೆನಾ ಎಣಿಸಿ ದುಡ್ಡು ಹಾಕಬೇಡಿ.